ಚಸ್ಮಾದ ಚೌಕಟ್ಟು ಯಾರ ಆಯ್ಕೆ?

ಯಾದಗಿರಿ ಸೀಮೆಯಲ್ಲಿ ಮೂಗಿನ ಮೇಲೆ ಕೂರುವ ಈ ವಸ್ತುವಿಗೆ ಮೂರು ಹೆಸರುಗಳಿವೆ. ಶಾಲೆಯ ಪುಸ್ತಕದಲ್ಲಿ ಅದು ಕನ್ನಡಕ. ಮನೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಅದು ಚಸ್ಮಾ. ವಯಸ್ಸಾದವರ ಬಾಯಲ್ಲಿ ಚಾಳೀಸು. ಚಸ್ಮಾ ಎಂಬುದು ಕಣ್ಣು ಎಂಬರ್ಥದ ಫಾರ್ಸಿ ಪದ ‘ಚಶ್ಮ್’ನಿಂದ ಬಂದದ್ದು. ಚಾಳೀಸು ಎಂದರೆ ನಲವತ್ತು. ಆ ವಯಸ್ಸು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ಹಾಗಾಗಿ ಆ ತೊಂದರೆಗೂ ಅದೇ ಹೆಸರು, ಅದಕ್ಕೆ ಹಾಕಿಕೊಳ್ಳುವ ಗಾಜಿಗೂ ಅದೇ ಹೆಸರು. ನೆರೆಯ ತೆಲುಗಿನವರು ‘ಚತ್ವಾರಂ’ ಎನ್ನುತ್ತಾರೆ. ಅಲ್ಲೂ ಲೆಕ್ಕ ನಲವತ್ತರದೇ.

ಈ ಪದಗಳು ಕಣ್ಣಿನ ಬಗ್ಗೆ, ವಯಸ್ಸಿನ ಬಗ್ಗೆ ಹೇಳುತ್ತವೆ. ಗಾಜನ್ನು ಹಿಡಿದಿಡುವ ಚೌಕಟ್ಟಿನ ಬಗ್ಗೆ ಒಂದೂ ಮಾತಾಡುವುದಿಲ್ಲ. ಅದಕ್ಕೆ ನಾವು ‘ಫ್ರೇಮು’ ಎಂದು ಇಂಗ್ಲಿಷಿನಿಂದ ಕಡ ತಂದುಕೊಂಡಿದ್ದೇವೆ. ಚೌಕಟ್ಟು ಆರಿಸಿಕೊಳ್ಳುವ ಸಂಗತಿ ಎಂದು ನಮ್ಮ ಕಡೆ ಬಹಳ ಕಾಲ ಯಾರಿಗೂ ಅನ್ನಿಸಿರಲಿಲ್ಲ ಎಂಬುದಕ್ಕೆ ಈ ಕಡವೇ ಒಂದು ಸಾಕ್ಷಿ ಎಂದು ನನ್ನ ಎಣಿಕೆ. ಡಾಕ್ಟರು ನಂಬರು ಬರೆದರು, ಅಂಗಡಿಯವನು ಕೊಟ್ಟ, ನಾವು ಹಾಕಿಕೊಂಡೆವು.

ಈಗ ಹಾಗಿಲ್ಲ. ಯಾದಗಿರಿಯ ಕಾಲೇಜು ಹುಡುಗಿಯ ಫೋನಿಗೂ ಕೈಕೆಲಸದ ಚೌಕಟ್ಟುಗಳ ಜಾಹೀರಾತು ಬರುತ್ತದೆ. ಕುಶಲಕರ್ಮಿ ಒಂದೊಂದಾಗಿ ಕೈಯಾರೆ ಉಜ್ಜಿ ಮಾಡಿದ್ದು, ನಿಮ್ಮಂತೆ ಇನ್ನೊಬ್ಬರಿಲ್ಲ, ನಿಮ್ಮ ಚೌಕಟ್ಟೂ ಹಾಗೇ ಇರಲಿ ಎಂಬ ಧಾಟಿಯ ಮಾತು. ಬೆಲೆ ಹತ್ತು ಸಾವಿರ ದಾಟಿರುತ್ತದೆ. ಇದನ್ನು ಶ್ರೀಮಂತರ ಶೋಕಿ ಎಂದು ಕೈಕೊಡವಿ ಮುಂದೆ ಹೋಗುವುದು ಸುಲಭ. ಆದರೆ ಈ ಮಾತಿನೊಳಗೆ ಎರಡು ಗಂಭೀರ ವಿಚಾರಗಳಿವೆ: ಒಂದು, ಕೈಯಿಂದ ಮಾಡಿದ್ದಕ್ಕೆ ಬೇರೆಯೇ ಬೆಲೆಯಿದೆ, ಎರಡು, ಮುಖದ ಮೇಲೆ ಏನಿರಬೇಕು ಎಂಬುದನ್ನು ಮುಖದವರೇ ತೀರ್ಮಾನಿಸಬೇಕು. ಒಂದು ಕವಿತೆಯನ್ನು ಓದುವಷ್ಟೇ ಎಚ್ಚರದಿಂದ ಇವನ್ನು ಓದಿನೋಡಬಹುದು.

ಮೊದಲು ವಸ್ತುವನ್ನೇ ನೋಡೋಣ. ಒಳ್ಳೆಯ ಚೌಕಟ್ಟುಗಳು ಹೆಚ್ಚಾಗಿ ಆಗುವುದು ಅಸಿಟೇಟಿನಿಂದ. ನೋಡಲು ಪ್ಲಾಸ್ಟಿಕ್ಕಿನಂತಿದ್ದರೂ ಅದರ ಮೂಲ ಗಿಡದ ನಾರು: ಮರದ ತಿರುಳು ಮತ್ತು ಹತ್ತಿ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬಿಡಿಸಿದ ಮೇಲೂ ಹತ್ತಿಕಾಳಿಗೆ ಅಂಟಿಕೊಂಡು ಉಳಿಯುವ ಕುರುಚಲು ನೂಲಿದೆಯಲ್ಲ, ಬಟ್ಟೆಗೆ ಬಾರದ ಆ ನೂಲು ಇದಕ್ಕೆ ಬರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಸುರಪುರ, ಶಹಾಪುರದ ಎರೆ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಈ ಸಂಬಂಧ ಗೊತ್ತಿರುವುದಿಲ್ಲ. ಇಟಲಿಯಲ್ಲಿ 1849ರಲ್ಲಿ ಶುರುವಾದ ಮಾತ್ಸುಕೆಲ್ಲಿ ಎಂಬ ಕಂಪನಿ ಅಸಿಟೇಟಿನ ಹಾಳೆಗಳಿಗೆ ಜಗತ್ತಿನಲ್ಲೇ ಹೆಸರಾಗಿದೆ. ಆ ಹಾಳೆಯನ್ನು ಕತ್ತರಿಸಿ, ಮರದ ಚೂರುಗಳ ಜೊತೆ ಪೀಪಾಯಿಯಲ್ಲಿ ದಿನಗಟ್ಟಲೆ ಉರುಳಿಸಿ ನುಣುಪು ಮಾಡಿ, ಕೀಲು ಕೂಡಿಸಿ, ಅಂಚುಗಳನ್ನು ಕೈಯಿಂದ ಅರದಲ್ಲಿ ಉಜ್ಜುತ್ತಾರೆ. ಜಪಾನಿನ ಸಬಾಯೆ ಎಂಬ ಊರಿಗಂತೂ ಇದೇ ಬದುಕು. ಚಳಿಗಾಲದಲ್ಲಿ ಹಿಮ ಬಿದ್ದು ಹೊಲದ ಕೆಲಸ ನಿಲ್ಲುತ್ತಿದ್ದ ಆ ಸೀಮೆಯ ರೈತರಿಗೊಂದು ಕಸುಬು ಬೇಕೆಂದು ಮಸುನಾಗ ಗೊಝಾಯೆಮೊನ್ ಎಂಬುವವರು 1905ರಲ್ಲಿ ಕನ್ನಡಕ ತಯಾರಿಕೆ ತಂದರು. ಇವತ್ತು ಜಪಾನಿನಲ್ಲಿ ತಯಾರಾಗುವ ಚೌಕಟ್ಟುಗಳಲ್ಲಿ ಬಹುಪಾಲು ಅಲ್ಲಿಯವೇ. ಬರಗಾಲದ ವರ್ಷ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಜಿಲ್ಲೆಯವಳಾಗಿ ಸಬಾಯೆಯ ಕಥೆಯನ್ನು ಓದುವಾಗ ನನಗೆ ಚೌಕಟ್ಟಿನ ಅಂದಕ್ಕಿಂತ ಆ ರೈತರ ಚಳಿಗಾಲವೇ ಹೆಚ್ಚು ನೆನಪಿನಲ್ಲಿ ಉಳಿಯಿತು.

ಇಂಥ ಚೌಕಟ್ಟಿನ ಚೆಲುವು ಸುಳ್ಳಲ್ಲ. ಅಗ್ಗದ್ದರಲ್ಲಿ ಬಣ್ಣ ಮೇಲೆ ಬಳಿದಿರುತ್ತದೆ, ಬೆವರಿಗೆ ಎದ್ದು ಬರುತ್ತದೆ. ಅಸಿಟೇಟಿನಲ್ಲಿ ಬಣ್ಣ ಒಳಗಿನವರೆಗೂ ಇರುತ್ತದೆ. ಕೈಕೆಲಸದವನ ನಿಜವಾದ ಹೆಚ್ಚುಗಾರಿಕೆ ಮಾತ್ರ ಬಣ್ಣದಲ್ಲಿಲ್ಲ, ಅಳತೆಯಲ್ಲಿದೆ. ಮೂಗಿನ ಸೇತುವೆ ಎಷ್ಟು ಅಗಲ, ಕಿವಿ ಎಷ್ಟು ದೂರ, ಕೆನ್ನೆ ನಕ್ಕಾಗ ಎಲ್ಲಿಗೆ ಏರುತ್ತದೆ ಎಂದು ಅವನು ನೋಡುತ್ತಾನೆ. ದೊಡ್ಡ ಕಾರ್ಖಾನೆಗಳ ಅಚ್ಚುಗಳು ಬಹುಕಾಲ ಯೂರೋಪಿನವರ ಎತ್ತರದ ಮೂಗನ್ನು ಮನಸ್ಸಿನಲ್ಲಿಟ್ಟುಕೊಂಡೇ ಆದಂಥವು. ಚಪ್ಪಟೆ ಮೂಗಿನವರ ಮುಖದಲ್ಲಿ ಅವು ಜಾರುತ್ತವೆ. ಜಾರಿದ ಚಸ್ಮಾವನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಪಾಠ ಮಾಡುವ ಎಷ್ಟು ಮೇಷ್ಟ್ರುಗಳನ್ನು ನಾವು ನೋಡಿಲ್ಲ! ಅದು ಅವರ ಅಭ್ಯಾಸವೆಂದು ನಕ್ಕಿದ್ದೇವೆ, ತಪ್ಪು ಅಚ್ಚಿನದು. ಹಾಗಾಗಿ ಶೈಲಿಗಿಂತ ಮೊದಲು ಬರುವ ಪ್ರಶ್ನೆ, ಈ ವಸ್ತು ಯಾರ ಮುಖವನ್ನು ನೋಡಿ ಮಾಡಿದ್ದು ಎಂಬುದು.

ಕನ್ನಡ ನಾಡಿನ ಮಟ್ಟಿಗೆ ಆ ಪ್ರಶ್ನೆಗೆ ಐನೂರು ವರ್ಷದ ಚರಿತ್ರೆಯಿದೆ. ವಿಜಯನಗರದ ವ್ಯಾಸರಾಯರು ಕನ್ನಡಕ ಹಿಡಿದು ಗ್ರಂಥ ಓದುತ್ತಿದ್ದುದನ್ನು ಅವರ ಕಾಲದವನೇ ಆದ ಸೋಮನಾಥ ಕವಿ ‘ವ್ಯಾಸಯೋಗಿಚರಿತ’ದಲ್ಲಿ ವರ್ಣಿಸಿದ್ದಾನೆ. ಕಾಲ 1520ರ ಆಸುಪಾಸು, ಅಂದರೆ ಪಕ್ಕದ ರಾಯಚೂರಿಗಾಗಿ ಕೃಷ್ಣದೇವರಾಯ ಯುದ್ಧ ಮಾಡಿದ ಸುಮಾರು. ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಹುಡುಕಿದ ವಿದ್ವಾಂಸ ಪಿ.ಕೆ. ಗೋಡೆಯವರು ಈ ಉಲ್ಲೇಖಕ್ಕೆ ಮಹತ್ವ ಕೊಟ್ಟರು. ಇಟಲಿಯಲ್ಲಿ 1280ರ ದಶಕದಲ್ಲಿ ಹುಟ್ಟಿದ ಈ ವಸ್ತು ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದಿರಬೇಕು ಎಂಬುದು ಒಂದು ಊಹೆ. ಕಿವಿಗೆ ಸಿಕ್ಕಿಸುವ ಕಡ್ಡಿಗಳು ಬಂದದ್ದು 18ನೇ ಶತಮಾನದಲ್ಲಿ. ಅದಕ್ಕೆ ಮೊದಲು ಕೈಯಲ್ಲಿ ಹಿಡಿಯಬೇಕಿತ್ತು, ಇಲ್ಲವೆ ಮೂಗಿಗೆ ಸಿಕ್ಕಿಸಬೇಕಿತ್ತು. ಇಲ್ಲಿ ಗಮನಿಸಬೇಕಾದ್ದು ಕವಿಯ ಕಣ್ಣನ್ನು. ಮುಪ್ಪಿನ ಗುರುತನ್ನು ಅವನು ಮುಚ್ಚಿಡಲಿಲ್ಲ, ಓದುವವನ ಘನತೆಯ ಗುರುತಾಗಿ ಅದನ್ನು ಕಾವ್ಯದೊಳಕ್ಕೆ ತಂದ. ನಮ್ಮ ನೆಲದಲ್ಲಿ ಕನ್ನಡಕ ಮೊದಲು ಕಾಣಿಸಿಕೊಂಡದ್ದೇ ಓದಿನ ಜೊತೆ.

ಇನ್ನೊಂದು ತುದಿಯಲ್ಲಿ ಒಡವೆಯಾದ ಕನ್ನಡಕವಿದೆ. 2021ರಲ್ಲಿ ಲಂಡನ್ನಿನ ಸದಬೀಸ್ ಸಂಸ್ಥೆ ಎರಡು ಕನ್ನಡಕಗಳನ್ನು ಹರಾಜಿಗಿಟ್ಟಿತು. ಒಂದರ ಗಾಜಿನ ಜಾಗದಲ್ಲಿ ವಜ್ರ, ಇನ್ನೊಂದರಲ್ಲಿ ಪಚ್ಚೆ. ಕಲ್ಲುಗಳನ್ನು 17ನೇ ಶತಮಾನದ ಮೊಘಲರ ಕಾಲದಲ್ಲಿ ಸೀಳಿದ್ದು, ಚೌಕಟ್ಟು 19ನೇ ಶತಮಾನದ ಕೊನೆಯದ್ದು. ವಜ್ರ ಗೋಲ್ಕೊಂಡದ ಗಣಿಗಳದ್ದೆಂದು ಹೇಳಲಾಯಿತು. ಆ ಗಣಿಗಳಲ್ಲಿ ಹೆಸರಾಂತ ಕೊಲ್ಲೂರು ಇರುವುದು ಕೃಷ್ಣೆಯ ದಂಡೆಯಲ್ಲಿ, ಸುರಪುರ ಮತ್ತು ಶಹಾಪುರ ತಾಲ್ಲೂಕುಗಳನ್ನು ಹಾದು ಹೋಗುವ ಅದೇ ಹೊಳೆಯ ಕೆಳಪಾತ್ರದಲ್ಲಿ. ಅಂಥ ಕನ್ನಡಕದಿಂದ ಅಕ್ಷರ ಕಾಣುವುದು ಮುಖ್ಯವಾಗಿರಲಿಲ್ಲ. ಹಾಕಿಕೊಂಡವನು ಇತರರಿಗೆ ಕಾಣುವುದು ಮುಖ್ಯವಾಗಿತ್ತು. ಇಂದಿನ ದುಬಾರಿ ಚೌಕಟ್ಟಿನ ಜಾಹೀರಾತಿನ ದೂರದ ಅಜ್ಜ ಈ ವಜ್ರದ ಕನ್ನಡಕವೇ.

ಇಪ್ಪತ್ತನೇ ಶತಮಾನದ ಹೊತ್ತಿಗೆ ಕನ್ನಡಕವೇ ವ್ಯಕ್ತಿಯಾಗಿಬಿಟ್ಟ ಎರಡು ಉದಾಹರಣೆಗಳು ನಮಗಿವೆ. ಗಾಂಧಿಯವರ ದುಂಡು ಚಸ್ಮಾ ಒಂದು. 2009ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಕನ್ನಡಕ, ಚಪ್ಪಲಿ, ಗಡಿಯಾರ, ಬಟ್ಟಲು ಮತ್ತು ತಟ್ಟೆ ಹರಾಜಿಗೆ ಬಂದಾಗ 18 ಲಕ್ಷ ಡಾಲರ್ ಕೊಟ್ಟು ಕೊಂಡವರು ಕರ್ನಾಟಕ ಮೂಲದ ಮದ್ಯೋದ್ಯಮಿ ವಿಜಯ್ ಮಲ್ಯ. ಪಾನನಿಷೇಧಕ್ಕಾಗಿ ಬದುಕಿಡೀ ವಾದಿಸಿದವರ ಚಸ್ಮಾ ಹೀಗೆ ಮದ್ಯದ ದುಡ್ಡಿನಲ್ಲಿ ಮಾರಾಟವಾಯಿತು. 2020ರಲ್ಲಿ ಇಂಗ್ಲೆಂಡಿನಲ್ಲಿ ಅವರದೇ ಇನ್ನೊಂದು ಜೋಡಿ 2,60,000 ಪೌಂಡಿಗೆ ಹೋಯಿತು. ನಡುವೆ 2014ರಲ್ಲಿ ಆ ಕನ್ನಡಕ ಸ್ವಚ್ಛ ಭಾರತದ ಲಾಂಛನವಾಗಿ, ಒಂದು ಗಾಜಿನಲ್ಲಿ ‘ಸ್ವಚ್ಛ’, ಇನ್ನೊಂದರಲ್ಲಿ ‘ಭಾರತ’ ಎಂದು ಬರೆಸಿಕೊಂಡು ನಮ್ಮ ಹಳ್ಳಿಗಳ ಶೌಚಾಲಯದ ಗೋಡೆಗಳ ಮೇಲೆಲ್ಲ ಮೂಡಿತು. ಆ ಚಿತ್ರವನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಚೌಕಟ್ಟಿದೆ, ಗಾಜಿದೆ, ಗಾಜಿನ ಮೇಲೆ ಅಕ್ಷರವಿದೆ. ಅದರ ಹಿಂದೆ ಕಣ್ಣಿಲ್ಲ.

ಎರಡನೆಯದು ಅಂಬೇಡ್ಕರ್ ಅವರ ಕನ್ನಡಕ. ಅದರ ಗತಿ ತಿರುಗುಮುರುಗು. ನಮ್ಮ ಜಿಲ್ಲೆಯ ಊರುಗಳ ಚೌಕಗಳಲ್ಲಿ, ಕೇರಿಗಳ ಬಾಯಲ್ಲಿ ನಿಂತ ಅವರ ಸಿಮೆಂಟಿನ ಪ್ರತಿಮೆಗಳನ್ನು ಹತ್ತಿರದಿಂದ ನೋಡುವುದು ನನ್ನ ರೂಢಿ. ನೀಲಿ ಕೋಟು, ಕೈಯಲ್ಲಿ ಪುಸ್ತಕ, ಮುಂದೆ ಚಾಚಿದ ತೋರುಬೆರಳು, ಕಪ್ಪು ಕನ್ನಡಕ. ಮುಖದ ಹೋಲಿಕೆ ಕೆಲವು ಕಡೆ ತಪ್ಪಿರುತ್ತದೆ. ಮಾಡಿದವನಿಗೆ ಸಿಕ್ಕದ್ದು ಒಂದು ಕ್ಯಾಲೆಂಡರಿನ ಚಿತ್ರವಿರಬಹುದು. ಆದರೆ ಕನ್ನಡಕದಲ್ಲಿ ಅವನು ತಪ್ಪುವುದಿಲ್ಲ. ತಂತಿ ಬಾಗಿಸಿಯೋ ಸಿಮೆಂಟನ್ನೇ ತಿದ್ದಿಯೋ ಎರಡು ಬಳೆ ಮಾಡಿ, ಕಪ್ಪು ಬಳಿದು, ಮೂಗಿನ ಮೇಲೆ ಕೂರಿಸಿರುತ್ತಾನೆ. ಗಾಜು ಹಾಕಿರುವುದಿಲ್ಲ. ಆ ಬಳೆಗಳ ನಡುವೆ ಬಿಡಿಸಿದ ಕಣ್ಣು ನೇರವಾಗಿ ನಮ್ಮನ್ನು ನೋಡುತ್ತಿರುತ್ತದೆ. ಗಾಂಧಿಯವರ ಲಾಂಛನದಲ್ಲಿ ಕಣ್ಣು ಹೋಗಿ ಗಾಜು ಉಳಿದಿದ್ದರೆ, ಇಲ್ಲಿ ಗಾಜು ಹೋಗಿ ಕಣ್ಣು ಉಳಿದಿದೆ. ಒಂದನ್ನು ಸರ್ಕಾರ ಬರೆಯಿಸಿತು. ಇನ್ನೊಂದನ್ನು ಕೂಲಿಯ ದುಡ್ಡಿನಲ್ಲಿ ಚಂದಾ ಎತ್ತಿದ ಜನ ಮಾಡಿಸಿದರು.

2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡೆಯದು. ಸುಮಾರು ಅರ್ಧದಷ್ಟು ಜನಕ್ಕೆ ಅಕ್ಷರ ಬಾರದ ಜಿಲ್ಲೆಯಲ್ಲಿ ಚೌಕದ ನಡುವೆ ಕನ್ನಡಕ ಹಾಕಿ ಪುಸ್ತಕ ಹಿಡಿದು ನಿಂತ ಮನುಷ್ಯನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ‘ನಾವೂ ಓದುವವರು’ ಎಂಬ ಮಾತು ಅದು. ಕುಶಲಕರ್ಮಿ ಕೈಯಾರೆ ಮಾಡಿದ, ಹಾಕಿಕೊಂಡವರ ವ್ಯಕ್ತಿತ್ವವನ್ನು ಸಾರುವ ಚೌಕಟ್ಟು ಬೇಕೆಂದರೆ ನಮ್ಮ ಕಡೆ ನೋಡಬೇಕಾದ್ದು ಅಂಗಡಿಯ ಕಪಾಟಿನಲ್ಲಲ್ಲ, ಆ ಚೌಕಗಳಲ್ಲಿ.

ಹಾಗಿದ್ದರೂ ಅದೇ ಚೌಕದಲ್ಲಿ ನಡೆದು ಹೋಗುವ ಹುಡುಗಿಗೆ ಚಸ್ಮಾ ಇನ್ನೂ ಹೊರೆಯೇ. ಎಂಟನೇ ಕ್ಲಾಸಿನಲ್ಲಿ ನನಗೆ ಚಸ್ಮಾ ಬಂದಾಗ ಓಣಿಯ ಹೆಂಗಸರು ಕೇಳಿದ್ದು ಒಂದೇ ಮಾತು: “ಈಗೇ ಚಸ್ಮಾ ಬಂತೇನವ್ವ?” ಹುಡುಗನಿಗಾದರೆ ಓದಾಳಿ ಎನ್ನುತ್ತಾರೆ. ಹುಡುಗಿಗೆ ಬಂದರೆ ಅದೊಂದು ಐಬು. ಗಂಡಿನ ಕಡೆಗೆ ಕಳಿಸುವ ಫೋಟೋ ತೆಗೆಯುವಾಗ ಮೊದಲು ಇಳಿಸುವುದು ಅದನ್ನೇ. ಹಾಗಾಗಿ ನಮ್ಮ ಕಡೆಯ ಹುಡುಗಿಯರು ಬಹುಕಾಲ ಆರಿಸಿದ್ದು ಕಾಣದ ಚೌಕಟ್ಟುಗಳನ್ನು: ತೆಳು ತಂತಿಯವು, ಮೈಬಣ್ಣದವು, ಅಂಚೇ ಇಲ್ಲದವು. ಇದೂ ಒಂದು ಶೈಲಿ, ಅಡಗಿಕೊಳ್ಳುವವರ ಶೈಲಿ. ಈಚೆಗೆ ದಪ್ಪ ಅಂಚಿನ ದೊಡ್ಡ ದುಂಡು ಚಸ್ಮಾಗಳು ಯಾದಗಿರಿ, ಶಹಾಪುರದ ಕಾಲೇಜುಗಳಲ್ಲಿ ಕಾಣುತ್ತಿವೆ. ಸಿನಿಮಾ ನೋಡಿ ಕಲಿತ ಶೋಕಿ ಎಂದು ಹಿರಿಯರು ಮೂಗು ಮುರಿಯುತ್ತಾರೆ. ಕಲಿತದ್ದು ಎಲ್ಲಿಂದಲೇ ಆಗಲಿ, ಕೆಂಪು ಅಂಚಿನ ಚಸ್ಮಾ ಹಾಕಿಕೊಂಡ ಹುಡುಗಿ ತನ್ನ ಕಣ್ಣಿನ ನಂಬರನ್ನು ಬಚ್ಚಿಡುತ್ತಿಲ್ಲ. ಇಷ್ಟರ ಮಟ್ಟಿಗೆ ಎದ್ದು ಕಾಣುವ ಚೌಕಟ್ಟಿನ ಪರವಾಗಿ ನಾನಿದ್ದೇನೆ.

ನನ್ನ ತಕರಾರಿರುವುದು ಕುಶಲಕರ್ಮಿಯ ಹೆಸರು ಹೇಳುವ ಜಾಹೀರಾತು ಕುಶಲಕರ್ಮಿಯ ಕಣ್ಣನ್ನು ಮರೆಯುವುದರ ಬಗ್ಗೆ. ಕೈಕೆಲಸವೆಂದರೆ ಹತ್ತಿರದ ಕೆಲಸ, ಹತ್ತಿರದ ನೋಟಕ್ಕೆ ನಲವತ್ತರ ಆಚೆ ಚಾಳೀಸು ಬೇಕು. ಸುರಪುರದ ಕಿರುಚಿತ್ರಗಳಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಚಿನ್ನದ ರೇಕು ಕೂಡಿಸಿ ಎಳೆದ ಕೂದಲೆಳೆಯಂಥ ಗೆರೆಗಳನ್ನು ನಾವು ಕೊಂಡಾಡುತ್ತೇವೆ. ಅಂಥ ಗೆರೆಯನ್ನು ಐವತ್ತರಲ್ಲಿ ಎಳೆಯುವುದು ಹೇಗೆ ಎಂದು ಕೇಳುವುದಿಲ್ಲ. ಪತ್ತಾರರು, ದರ್ಜಿಗಳು, ನೇಕಾರರು, ಅಕ್ಕಿಯಲ್ಲಿ ಕಲ್ಲು ಆರಿಸುವ ಹೆಂಗಸರು, ಎಲ್ಲರಿಗೂ ಇದೇ ಪಾಡು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ನಡೆದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದಿದೆ. ಹತ್ತಿರ ನೋಡುವ ಸಾದಾ ಕನ್ನಡಕ ಕೊಟ್ಟವರ ಕೆಲಸ, ಕೊಡದವರಿಗಿಂತ ಸುಮಾರು ಶೇ. 22ರಷ್ಟು ಹೆಚ್ಚಿತು. ಚಿಗುರು ಕೀಳುವ ಬೆರಳಿಗೂ ಕಣ್ಣು ಬೇಕು. ಹತ್ತಿ ಬಿಡಿಸುವ ಬೆರಳಿಗೂ ಬೇಕು.

ಇದು ನನಗೆ ನಮ್ಮ ದೊಡ್ಡವ್ವನಿಂದ ತಿಳಿದ ಸಂಗತಿ. ಶಹಾಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ಆಕೆ ಕೌದಿ ಹೊಲಿಯುತ್ತಾಳೆ. ಹಳೆ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ನೆಲದ ಮೇಲೆ ಹರವಿಕೊಂಡು ಯಾವ ಕೆಂಪಿನ ಪಕ್ಕ ಯಾವ ಹಸಿರು ಎಂದು ಅರ್ಧ ದಿನ ಕೂತು ಯೋಚಿಸುವ ಹೆಂಗಸು. ಸೂಜಿಗೆ ದಾರ ಪೋಣಿಸಲಾಗದೆ ಎರಡು ವರ್ಷ ಕೌದಿ ಬಿಟ್ಟಿದ್ದಳು. ಆಮೇಲೆ ಊರಿಗೆ ಬಂದ ಒಂದು ಶಿಬಿರದಲ್ಲಿ ಪುಕ್ಕಟೆ ಚಸ್ಮಾ ಸಿಕ್ಕಿತು. ಮತ್ತೆ ಸೂಜಿ ಹಿಡಿದಳು. ಅದನ್ನು ಕೊಟ್ಟವರ ಉಪಕಾರ ಸಣ್ಣದಲ್ಲ. ಆದರೆ ಅದು ದೊಡ್ಡ ಗಂಡಸಿನ ಮುಖಕ್ಕೆ ಮಾಡಿದ ಕಂದು ಚೌಕಟ್ಟು, ಓಣಿಯಲ್ಲಿ ಎಲ್ಲರಿಗೂ ಅದೇ. “ದೊಡ್ಡವ್ವ, ಬ್ಯಾರೆ ಬಣ್ಣದ್ದು ಕೇಳಬೇಕಿತ್ತಲ್ಲ?” ಎಂದೆ. “ಪುಕ್ಕಟ ಕೊಡೋರಿಗಿ ಬಣ್ಣ ಕೇಳ್ತಾರೇನವ್ವ?” ಎಂದಳು. ಮುಂದಿನ ಸಲ ಹೋದಾಗ ಅದರ ಎರಡೂ ಕಡ್ಡಿಗಳಿಗೆ ಕೌದಿಯ ಕೆಂಪು ದಾರ ಒತ್ತಾಗಿ ಸುತ್ತಿದ್ದಳು. ಯಾಕೆಂದು ಕೇಳಿದರೆ, “ನಂದ್ಯಾವ್ದು, ಬಾಜೂ ಮನಿಯಾಕಿದ್ಯಾವ್ದು ಗುರ್ತ ಹತ್ತವಲ್ದು, ಅದಕ್ಕ.”

ಆ ಉತ್ತರದಲ್ಲಿ ಶೈಲಿಯ ಬಗ್ಗೆ ಒಂದು ಪೂರ್ತಿ ವಿಚಾರವಿದೆ. ತನ್ನದನ್ನು ಗುರುತಿಸಿಕೊಳ್ಳುವುದು ಮೊದಲ ಅಗತ್ಯ, ಅದು ಚೆಲುವಾಗಿ ಕಾಣುವುದು ಅದರ ಬೆನ್ನಿಗೇ ಬಂದದ್ದು. ದಾರ ಸುತ್ತಲು ಹಸಿರೋ ಹಳದಿಯೋ ಆಗುತ್ತಿತ್ತು. ಆಕೆ ಕಂದಿಗೆ ಒಪ್ಪುವ ಕೆಂಪನ್ನು ಹುಡುಕಿದಳು. ಜಾಹೀರಾತು ಹತ್ತು ಸಾವಿರಕ್ಕೆ ಮಾರುವುದನ್ನು ಒಂದು ಮೊಳ ದಾರದಲ್ಲಿ ಮಾಡಿಕೊಂಡಳು.

ಈ ಮಾತು ಅರ್ಥವಾದವರು ಕನ್ನಡಕ ಮಾಡುವವರಲ್ಲೂ ಇದ್ದಾರೆ. ಜರ್ಮನಿಯ ಶಿಕ್ಷಕ ಮಾರ್ಟಿನ್ ಔಫ್‌ಮುಟ್ ಅವರು 2012ರಲ್ಲಿ ‘ಒಂದು ಡಾಲರ್ ಕನ್ನಡಕ’ ಎಂಬ ಸಂಸ್ಥೆ ಕಟ್ಟಿದರು. ಸ್ಪ್ರಿಂಗ್ ಉಕ್ಕಿನ ತಂತಿಯನ್ನು ಕೈಯಿಂದ ಬಾಗಿಸುವ ಒಂದು ಸಣ್ಣ ಯಂತ್ರ ಅವರದು, ಅದಕ್ಕೆ ವಿದ್ಯುತ್ತೂ ಬೇಡ. ಬಡ ದೇಶಗಳ ಜನ ತರಬೇತಿ ಪಡೆದು ತಾವೇ ಚೌಕಟ್ಟು ಮಾಡಬಹುದು. ಸಾಮಗ್ರಿಯ ಖರ್ಚು ಒಂದು ಡಾಲರಿನ ಆಸುಪಾಸು. ಇದರಲ್ಲಿ ನನ್ನ ಮನಸ್ಸು ಹಿಡಿದದ್ದು ಒಂದು ಸಣ್ಣ ವಿವರ. ತಂತಿಯ ಎರಡೂ ಬದಿಗೆ ಬಣ್ಣದ ಮಣಿಗಳನ್ನು ಪೋಣಿಸುತ್ತಾರೆ. ನೋಟಕ್ಕೆ ಆ ಮಣಿಯ ಅಗತ್ಯವಿಲ್ಲ. ಒಬ್ಬರ ಕನ್ನಡಕ ಇನ್ನೊಬ್ಬರದ್ದಕ್ಕಿಂತ ಬೇರೆಯಾಗಲಿ ಎಂದಷ್ಟೇ ಅದು ಅಲ್ಲಿದೆ. ಒಂದೊಂದು ರೂಪಾಯಿಯನ್ನೂ ಉಳಿಸಬೇಕಾದ ವಸ್ತುವಿನಲ್ಲಿ ಆ ಮಣಿಗೆ ಜಾಗ ಕೊಟ್ಟವರಿಗೆ ಬಡವರಿಗೂ ಮುಖವಿದೆ ಎಂಬುದು ಗೊತ್ತಿತ್ತು.

ನಮ್ಮಲ್ಲಿ ಸೌಂದರ್ಯದ ಮಾತು ಬಂದಾಗ ಹೊಟ್ಟೆ ತುಂಬಿದ ಮೇಲೆ ಅದೆಲ್ಲ ಎನ್ನುವುದುಂಟು. ಮೊದಲು ಎಲ್ಲರಿಗೂ ಚಸ್ಮಾ ಸಿಗಲಿ, ಚೌಕಟ್ಟಿನ ಚೆಲುವು ಆಮೇಲೆ ನೋಡೋಣ ಎಂಬ ವಾದವನ್ನು ನಾನು ಕೇಳಿದ್ದೇನೆ. ಮೊದಲರ್ಧ ನನಗೂ ಒಪ್ಪಿಗೆ. ಎರಡನೆಯರ್ಧ ಮಾತ್ರ ಕೌದಿ ಹೊಲಿಯುವವರನ್ನು, ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆಯುವವರನ್ನು, ಎತ್ತಿನ ಕೊಂಬಿಗೆ ಬಣ್ಣ ಹಚ್ಚುವವರನ್ನು ನೋಡದವರ ಮಾತು. ಈ ಸೀಮೆಯ ಬಡವರು ಚೆಲುವಿಗಾಗಿ ಹೊಟ್ಟೆ ತುಂಬುವವರೆಗೆ ಎಂದೂ ಕಾದವರಲ್ಲ. ಆರಿಸಿಕೊಳ್ಳುವ ಅಭಿರುಚಿ ಅವರಲ್ಲಿ ಮೊದಲಿನಿಂದಲೂ ಇದೆ. ಇಲ್ಲದ್ದು, ಅವರ ಮುಂದೆ ಎರಡು ಬಗೆ ಇಟ್ಟು ಯಾವುದು ಬೇಕು ಎಂದು ಕೇಳುವವರು.

ಇದಕ್ಕೆ ಬೇಕಾದ್ದು ಇಟಲಿಯ ಅಸಿಟೇಟೂ ಅಲ್ಲ, ದೊಡ್ಡ ಅನುದಾನವೂ ಅಲ್ಲ. ಶಿಬಿರಕ್ಕೆ ತರುವ ಪೆಟ್ಟಿಗೆಯಲ್ಲಿ ಒಂದೇ ಬಣ್ಣದ ನೂರು ಚೌಕಟ್ಟುಗಳ ಬದಲು ನಾಲ್ಕು ಬಣ್ಣದ, ಎರಡು ಅಳತೆಯ ಇಪ್ಪತ್ತೈದಿಪ್ಪತ್ತೈದು ತಂದರಾಯಿತು. ಹೆಂಗಸರ ಮುಖಕ್ಕೆ ಕೂರುವಂಥವು ಇದ್ದರಾಯಿತು. ನಾನು ನೋಡಿದ ಶಿಬಿರಗಳಲ್ಲಿ ಅಕ್ಷರದ ಪಟ ತಪ್ಪದೆ ಗೋಡೆಗೆ ತೂಗುತ್ತಿರುತ್ತದೆ. ಓದಲು ಬಾರದವರಿಗಾಗಿ ಚುಕ್ಕೆ, ಗೆರೆಗಳ ಪಟವೂ ಇರುತ್ತದೆ. ಕನ್ನಡಿಯೊಂದು ಇರುವುದಿಲ್ಲ. ಜನ ಚಸ್ಮಾ ಹಾಕಿಕೊಂಡು ಪಟವನ್ನು ನೋಡಿ, ಕಾಣಿಸಿತೆಂದು ತಲೆಯಾಡಿಸಿ, ತಾವು ಹೇಗೆ ಕಾಣುತ್ತೇವೆಂದು ತಿಳಿಯದೆಯೇ ಮನೆಗೆ ಹೋಗುತ್ತಾರೆ. ಕನ್ನಡಕ ಕೊಡುವ ಮೇಜಿನ ಮೇಲೆ ಒಂದು ಕನ್ನಡಿಯನ್ನೂ ಇಡಬೇಕು.